ಉಪ್ಪುನೀರಿನ ತೊಟ್ಟಿಯಲ್ಲಿ ಐದು ಸೀಸೆ

ರಿಗ್ಝಿನ್ ಎಂಬುವನ ಪತ್ರ ಬಂದದ್ದು ಏಪ್ರಿಲ್‌ನಲ್ಲಿ.
ಹಳೇ ಪಿ.ಬಿ. ರಸ್ತೆಯ ನಮ್ಮ ತಗಡಿನ ಶೆಡ್ಡಿನಲ್ಲಿ
ಸ್ಪ್ಯಾನರಿಗೂ ಒದ್ದೆ ಬಟ್ಟೆ ಸುತ್ತಿ ಹಿಡಿಯುವ ಕಾಲ.
ಹಿಂದಿಯಲ್ಲಿತ್ತು. ಹಾಲೇಶ ತಡವರಿಸುತ್ತ ಓದಿದ:

ಇಲ್ಲಿಗೆ ಕರೆಂಟಿನ ತಂತಿ ಬರುವುದಿಲ್ಲ.
ಸೋಲಾರ್ ಹಲಗೆಯ ಮೇಲೆ ಮೂರು ತಿಂಗಳು ಹಿಮ.
ನೀವು ಕಳಿಸುವ ಜನರೇಟರು ಮೈನಸ್ ಇಪ್ಪತ್ತೆರಡರಲ್ಲಿ
ಎರಡು ಸುತ್ತಿಗೆ ಏಳಬೇಕು. ಯಾವ ಎಣ್ಣೆ ಹಾಕಲಿ?

ಏನಂತ ಬರೆಯಲಿ?
ನಾನು ಕಂಡ ಚಳಿ ಎಂದರೆ, ಡಿಸೆಂಬರ್ ಬೆಳಗ್ಗೆ
ಬಚ್ಚಲ ಗೂಡಿನಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ,
ಕಡ್ಡಿ ಹಾಕಿ ಕೆದಕುತ್ತ
ಡಬ್ಬಿಯನ್ನೇ ಬೈಯುವ ನನ್ನ ಹೆಂಡತಿ.

"ಹಿಮ ಇಲ್ದಿದ್ರೆ ಏನಾತಣ್ಣ,
ಕೊಟ್ರಬಸಣ್ಣನ ಐಸ್ ಫ್ಯಾಕ್ಟರಿ ಐತಲ್ಲ" ಅಂದ ಹಾಲೇಶ.

ರಾತ್ರಿ ಒಂಬತ್ತಕ್ಕೆ ಹೋದೆವು. ಐದು ಸೀಸೆ,
ಕತ್ತಿಗೆ ಸುತ್ತಲಿ ದಾರ, ಬಾಯಿಗೆ ಮೇಣ.
"ನನ್ನ ಐಸಿಗೆ ವಾಸನೆ ಹತ್ತಿದ್ರೆ
ಕಬ್ಬಿನ ಹಾಲಿನೋರು ನನ್ನ ಅಟ್ಟಿಸ್ಕಂಡ್ ಬರ್ತಾರೆ,
ನಾನು ನಿನ್ನ" ಅಂದ ಕೊಟ್ರಬಸಣ್ಣ.
ಆದರೂ ಉಪ್ಪುನೀರಿನ ತೊಟ್ಟಿಯ ಮುಚ್ಚಳ ತಾನೇ ಎತ್ತಿದ.
ಮೈನಸ್ ಒಂಬತ್ತು. ಅದಕ್ಕಿಂತ ಕೆಳಗೆ
ದಾವಣಗೆರೆಯಲ್ಲಿ ಮೆಟ್ಟಿಲಿಲ್ಲ.

ಹೊಂಗೆ ಎಣ್ಣೆ ಮೊದಲು ಮಲಗಿತು.
ಹದಡಿ ರಸ್ತೆಯ ಬೀಜ, ನಮ್ಮದೇ ಗಾಣ,
ಒಳಗೊಳಗೇ ಅದರ ಪರವಾಗಿದ್ದೆ ನಾನು.
ಅರ್ಧ ತಾಸಿಗೆ ತುಪ್ಪ. ಸೀಸೆ ಬೋರಲು ಹಾಕಿದರೂ
ಅಲುಗಲಿಲ್ಲ, ಹಟಮಾರಿ.

ಆಮೇಲೆ ಡೀಸೆಲ್. ಅಕ್ಕಿ ತೊಳೆದ ನೀರಿನ ಹಾಗೆ
ಮಸುಕಾಯಿತು, ತಳದಲ್ಲಿ ಹಿಟ್ಟು ಕೂತಿತು.
ಅದು ಫಿಲ್ಟರಿಗೆ ಹೋದರೆ, ಎಂಜಿನ್ನು
ಗಂಟಲಲ್ಲಿ ಅವಲಕ್ಕಿ ಸಿಕ್ಕವನಂತೆ.
ಅರ್ಧ ಡೀಸೆಲ್, ಅರ್ಧ ಸೀಮೆಎಣ್ಣೆಯ ಸೀಸೆ
ಮಂಜಾಗಲೋ ಬೇಡವೋ ಎನ್ನುತ್ತಿತ್ತು.
ಪೆಟ್ರೋಲು ಮಾತ್ರ ಯಾರ ಮನೆಯ ಚಳಿಯೋ ಎಂಬಂತೆ ತಿಳಿ.
ಆದರೆ ಅದಕ್ಕೆ ಬೇರೆ ಎಂಜಿನ್ನೇ ಬೇಕು,
ಒಂದು ಚಳಿಗಾಲ ಡ್ರಮ್ಮಿನಲ್ಲಿ ಕೂತರೆ ಹಳಸುತ್ತದೆ.
ಗ್ಯಾಸ್ ಸಿಲಿಂಡರು ಮಂಜುಗಡ್ಡೆಗೆ ಒರಗಿಸಿ ಹಚ್ಚಿದೆವು:
ನೀಲಿ ಜ್ವಾಲೆ ಗಿಡ್ಡವಾಗುತ್ತ ಗಿಡ್ಡವಾಗುತ್ತ
ಒಲೆಯೊಳಗೇ ಇಳಿದು ಹೋಯಿತು.

ಸೀಮೆಎಣ್ಣೆ ಹಾಕಿದಂತೆಯೇ ಇತ್ತು.
ಜಿಡ್ಡು ಕಡಿಮೆ, ಪಂಪು ಸವೆಯುತ್ತದೆ, ಗೊತ್ತು;
ಲೀಟರಿಗೆ ಒಂದು ಮುಚ್ಚಳ ಎಂಜಿನ್ ಆಯಿಲ್ ಬೆರೆಸಬಹುದು.
ಇದು ಲೆಕ್ಕ. ಮೈನಸ್ ಒಂಬತ್ತರಿಂದ ಇಪ್ಪತ್ತೆರಡಕ್ಕೆ
ಹೋಗುವ ಹದಿಮೂರು ಡಿಗ್ರಿ, ಅಂದಾಜು.

ಮಾರನೇ ದಿನ ಫೋನು ಹಚ್ಚಿ ಕೇಳಿದೆ,
ನಿನ್ನ ಒಲೆಗೆ ಏನು ಹಾಕ್ತೀ?
ಗಾಳಿ ಗುಂಯ್ಗುಟ್ಟಿತು. "ಸೀಮೆಎಣ್ಣೆ.
ಮೊದಲು ನಾನು ಬೆಚ್ಚಗಾದ್ರೆ ತಾನೇ,
ಯಂತ್ರ ಎಬ್ಬಿಸೋದು?" ನಕ್ಕ. ನಾನೂ ನಕ್ಕೆ.
ರಾತ್ರಿಯಿಡೀ ಎಂಜಿನ್ನಿನ ಚಳಿಯನ್ನೇ ಅಳೆದಿದ್ದೆವು.

ಸಂಜೆ ಹಾಲೇಶ ಒಂದು ಹಿಡಿ ಐಸು ಅಮುಕಿಕೊಂಡು
ಅದೇ ಕೈಯಿಂದ ಫಿಲ್ಟರಿನ ನಟ್ಟು ಬಿಚ್ಚಲು ನೋಡಿದ.
ನಾಲ್ಕು ಸಲ ಬಿತ್ತು. ಐದನೆಯ ಸಲ
ಬೆರಳು ಬಾಯಿಗಿಟ್ಟುಕೊಂಡು ಸುಮ್ಮನೆ ಕೂತ.

ಪತ್ರ ಬರೆದೆ: ಎರಡಕ್ಕೂ ಒಂದೇ ಡ್ರಮ್ಮು, ಸೀಮೆಎಣ್ಣೆ.
ಆಯಿಲಿನ ಅಳತೆ ಟ್ಯಾಂಕಿನ ಮೇಲೆ ಕೆತ್ತಿದೆ.
ಬ್ಯಾಟರಿಯನ್ನು ನೀನು ಮಲಗುವ ಕೋಣೆಯಲ್ಲೇ ಇಡು.
ಫಿಲ್ಟರಿಗೆ ಕಿವಿಯುಳ್ಳ ದೊಡ್ಡ ನಟ್ಟು ಹಾಕಿದ್ದೇನೆ,
ಕೈಗವಸು ಬಿಚ್ಚಬೇಡ.