ಅರ್ಧ ಇಂಚು ಸಡಿಲ

ಹತ್ತು ದಿನ ಮೊದಲೇ ಫೋನಿನಲ್ಲಿ ಬಂದು ಕೂತಿತ್ತು ಅದು,
ಆಸ್ಪತ್ರೆಯವರು ಹಾಕಿಕೊಟ್ಟ ನೀಲಿ ಚೌಕ.
ಬೆಳಿಗ್ಗೆ ಕೇಳುತ್ತದೆ: ಸಿಗರೇಟು ಬಿಟ್ಟಿರಾ?
ಸಂಜೆ ಮತ್ತೆ ಅದನ್ನೇ ಕೇಳುತ್ತದೆ, ನಂಬಿಕೆ ಇಲ್ಲದವರಂತೆ.
ಹಿಂದಿ ಬರುತ್ತದೆ ಅದಕ್ಕೆ, ಕನ್ನಡ ಬರುವುದಿಲ್ಲ.
ನಾನು ಉತ್ತರಿಸುವುದು ತುಳುವಿನಲ್ಲಿ, ಬಾಯಿಯೊಳಗೇ.

ಮುಹರ್ರಕ್ಕಿನ ಹಳೇ ಸೂಕಿನ ಹಿಂದೆ
ಒಂದು ಕೋಣೆ, ನಾಲ್ಕು ಮಂಚ, ಎ.ಸಿ.ಯ ಕೆಳಗೆ ಬಕೆಟ್ಟು,
ಮೂಲೆಯಲ್ಲಿ ನನ್ನ ಸ್ವಂತದ ಹಳೇ ಯಂತ್ರ.
ಗೋಪಾಲಗಂಜಿನ ರಾಮಾಶೀಷ ಗಟ್ಟಿಯಾಗಿ ಓದಿ ಹೇಳಿದ
ನನ್ನ ಹೊಟ್ಟೆಯ ಕೆಳಗೆ ಏನೇನು ನಡೆಯಲಿದೆಯೆಂದು.
ಪರದೆಯ ಮೇಲೆ ಬೊಂಬೆಯೊಂದು ಮಲಗಿತು,
ಬಲತೊಡೆಯ ಸಂದಿನಲ್ಲಿ ಹರಿದ ಜಾಗಕ್ಕೆ
ಬಲೆಯ ತುಂಡೊಂದನ್ನು ತೇಪೆ ಇಟ್ಟರು.
ಇಷ್ಟೆಯೋ, ಅಂದೆ.
ತೇಪೆಯೇ ಮೂವತ್ತು ವರ್ಷದಿಂದ ನನ್ನ ಅನ್ನ.

ಮಧ್ಯರಾತ್ರಿಯ ನಂತರ ಊಟ ಇಲ್ಲ,
ನಾಲ್ಕರ ನಂತರ ನೀರೂ ಇಲ್ಲ. ಅಲಾರಾಂ ಹೊಡೆಯಿತು.
ಹೊಡೆದ ಮೇಲೆ ಬಾಯಾರಿತು.

ಎರಡನೇ ದಿನಕ್ಕೆ ಕೋಣೆಗೆ ವಾಪಸು.
ನೋವು ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಒತ್ತಿ.
ಸಾಲಾಗಿ ಹಳದಿ ಮುಖಗಳು, ಕೊನೆಯದು ಅಳುತ್ತಿದೆ.
ಎಳೆದರೆ ಎಷ್ಟು, ಚುಚ್ಚಿದರೆ ಎಷ್ಟು,
ಕೆಮ್ಮಿದಾಗ ಚಳಕು ಹೊಡೆದು ಹಲ್ಲಿನ ತನಕ ಬರುವುದಕ್ಕೆ ಎಷ್ಟು,
ರಾತ್ರಿ ಎರಡಕ್ಕೆ ಸುಮ್ಮನೆ ಜುಮ್ಮೆನ್ನುವುದಕ್ಕೆ?
ನಾಲ್ಕು ಒತ್ತಿದೆ.
ನಾಲ್ಕು ಒಳ್ಳೆಯ ಅಳತೆ, ಯಾರಿಗೂ ಬಿಗಿಯಾಗುವುದಿಲ್ಲ.

ಗಾಯದ ಫೋಟೋ ಬೇಕಂತೆ.
ಆ ಜಾಗದ್ದು! ಕಟ್ಟಿಕೊಂಡವಳಿಗೂ
ದೀಪ ಹಚ್ಚಿ ತೋರಿಸಿದವನಲ್ಲ.
ಬೆಳಕು ಸಾಲದು, ಮತ್ತೆ ತೆಗೆಯಿರಿ.
ಮಸುಕಾಗಿದೆ, ಮತ್ತೆ ತೆಗೆಯಿರಿ.
ರಾಮಾಶೀಷ ಗೋಡೆಯ ಕಡೆ ಮುಖ ಮಾಡಿ
ಯಂತ್ರದ ದೀಪದ ಕತ್ತನ್ನು ನನ್ನತ್ತ ಬಾಗಿಸಿ ಹಿಡಿದ.
ಆಗ ನಾನೂ ನೋಡಿದೆ, ಮೊದಲ ಸಲ:
ಎರಡೂವರೆ ಇಂಚು. ಹೊಲಿಗೆ ಸಣ್ಣದು, ಅಂತರ ಸಮ.
ಒಳ್ಳೆಯ ಕೈ. ಕೊನೆಯ ಗಂಟು ಮಾತ್ರ
ಊಟದ ಹೊತ್ತಿಗೆ ಹಾಕಿದಂತಿದೆ.
ಇದನ್ನು ಬರೆಯಲು ಅದರಲ್ಲಿ ಜಾಗ ಇರಲಿಲ್ಲ.

ನೂಲು ಬಿಚ್ಚುವುದು ಯಾವಾಗ ಎಂದು ಕೇಳಿದ್ದಕ್ಕೆ
ಮಾರಿವಿಕ್ ಎಂಬ ನರ್ಸಿನ ಉತ್ತರ ಬಂತು:
ಬಿಚ್ಚುವುದಿಲ್ಲ, ತಾನೇ ಕರಗುತ್ತದೆ.
ತುಂಬ ಹೊತ್ತು ಕೂತಿದ್ದೆ ಫೋನು ಕೆಳಗಿಟ್ಟು.
ಜಗ್ಗಿದರೂ ಕಳಚದ ನೂಲು ಹುಡುಕಿಯೇ
ಕಣ್ಣು ಸವೆಸಿದವನು ನಾನು.

ದಿನಕ್ಕೆ ಐನೂರು ಹೆಜ್ಜೆ. ಕೋಣೆಯಲ್ಲಿ ಹಿಡಿಯುವುದು ಒಂಬತ್ತು.
ಓಣಿಯಲ್ಲಿ ನಡೆದೆ, ಮೀನಿನ ಅಂಗಡಿಯ ತನಕ,
ಬೆಕ್ಕುಗಳಿಗೂ ಗುರುತಾಯಿತು.
ಇಷ್ಟು ವರ್ಷ ಪೆಡಲು ತುಳಿದದ್ದು ಲೆಕ್ಕಕ್ಕಿಲ್ಲವಂತೆ.

ಹದಿನೇಳನೇ ದಿನ ಯಜಮಾನ ಬೂ ಯಾಕೂಬ್ ಬಂದ.
ಈದಿಗೆ ಎಂಬತ್ತು ತೋಬು ಬಾಕಿ, ಥಾನು ಇಳಿಸಲು ಆಳಿಲ್ಲ.
ನಾನು ಮಾತಾಡದೆ ಫೋನು ಕೊಟ್ಟೆ.
ಅಲ್ಲೊಂದು ಗುಂಡಿಯಿದೆ, ಒತ್ತಿದರೆ ಅರಬ್ಬಿಯಾಗುತ್ತದೆ.
ಕನ್ನಡಕ ಏರಿಸಿ ಓದಿದ: ಆರು ವಾರ ಭಾರ ಎತ್ತಬಾರದು.
ಮೇಲಿನಿಂದ ಇನ್ನೊಮ್ಮೆ ಓದಿದ.
ಎದ್ದು ಹೋಗಿ ಬಾಗಿಲು ಹಾಕಿ ಬಂದು
ನಾನೇ ಹೊಲಿದ ಬಿಳಿ ತೋಬನ್ನೆತ್ತಿ
ನಾನೇ ಹೊಲಿದ ಸಿರವಾಲಿನ ಸೊಂಟ ಜಾರಿಸಿ ತೋರಿಸಿದ:
ಎಡಕ್ಕೆ, ಗೇಣುದ್ದ, ಹಳೇ ಕಾಲದ ಒರಟು ಹೊಲಿಗೆ,
ಇರುವೆ ಸಾಲು ಅಲ್ಲೇ ಸತ್ತು ಒಣಗಿದಂತೆ.

ಹನ್ನೊಂದು ವರ್ಷ ಹೇಳುತ್ತಿದ್ದ,
ಎಡ ಸೊಂಟಕ್ಕೆ ಅರ್ಧ ಇಂಚು ಸಡಿಲ ಬಿಡು, ವಾಮನ.
ಹನ್ನೊಂದು ವರ್ಷ ಬಿಟ್ಟಿದ್ದೆ.
ಯಾಕೆಂದು ಕೇಳಿರಲಿಲ್ಲ.

ಥಾನು ಇಳಿಸಲು ಮಗನನ್ನು ಕಳಿಸಿದನಂತೆ, ಬಯ್ಯುತ್ತಲೇ.

ಆ ರಾತ್ರಿ ನನ್ನ ಪ್ಯಾಂಟಿನ ಬಲ ಸೊಂಟ ಬಿಚ್ಚಿ
ಹಲ್ಲಲ್ಲಿ ನೂಲು ಕಡಿಯುತ್ತಿದ್ದಾಗ
ನೀಲಿ ಚೌಕ ಗುಂಯ್ ಅಂದಿತು:
ಇವತ್ತು ಭಾರವಾದದ್ದು ಏನಾದರೂ ಎತ್ತಿದಿರಾ?
ಇಲ್ಲ, ಒತ್ತಿದೆ.
ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.