ಅಂಟು ಒಣಗುವವರೆಗೆ

ಸಾಲಗಾಮೆ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಬೆನ್ನಿಗೆ
ಎಂಟಡಿ ಅಗಲದ ನನ್ನ ಬೈಂಡಿಂಗ್ ಅಂಗಡಿ.
ಮಾರ್ಚಿ ಬಂತೆಂದರೆ ಹಾಸನದ ಅಷ್ಟೂ ವಿದ್ಯೆ
ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಹಾಳೆಯಾಗಿ ಬಂದು
ನನ್ನ ಮೊಣಕಾಲ ಮುಂದೆ ಕೂರುತ್ತದೆ.

ನಿನ್ನೆ ಒಂದೇ ದಿನ ಬಂದದ್ದು:
ಆಲೂಗಡ್ಡೆ ಎಲೆಗೆ ಹತ್ತುವ ಅಂಗಮಾರಿ,
ಹೇಮಾವತಿ ಹಿನ್ನೀರಿನ ಮೀನಿನ ಕಿವಿರೊಳಗಿನ ಹುಳ,
ಸ್ತ್ರೀಶಕ್ತಿ ಸಂಘದ ಸಾಲ ಗಂಡನ ಜೇಬು ತಲುಪುವ ದಾರಿ,
ಅರಕಲಗೂಡು ಸೀಮೆಯ ಬೈಗುಳಗಳ ವ್ಯಾಕರಣ.
ಇದೊಂದನ್ನು ಮಾತ್ರ ನಿಂತಲ್ಲೇ ಹನ್ನೆರಡು ಪುಟ ಓದಿದೆ.
ನಮ್ಮತ್ತೆ ಇದ್ದಿದ್ದರೆ ಇನ್ನೊಂದು ಸಂಪುಟ ಬೇಕಾಗುತ್ತಿತ್ತು.

ಕಲೆಗೆ ಕುಂಕುಮದ ಬಣ್ಣ, ವಿಜ್ಞಾನಕ್ಕೆ ಕಡುನೀಲಿ,
ಪಿಎಚ್‌ಡಿಯಾದರೆ ಕಪ್ಪು. ಇದು ಯೂನಿವರ್ಸಿಟಿಯ ಕಟ್ಟಳೆ.
ಒಳಗಿನ ಅಂಟು ಮಾತ್ರ ಎಲ್ಲಕ್ಕೂ ಒಂದೇ:
ಮೈದಾಹಿಟ್ಟು, ಬಿಸಿನೀರು, ಚಿಟಿಕೆ ಮೈಲುತುತ್ತ.
ಅದನ್ನು ಕಂಡು ಆಲೂಗಡ್ಡೆ ಹುಡುಗ ಕುಬೇರಪ್ಪ ನಕ್ಕ:
"ಅಕ್ಕಾ, ನಾವು ಗಿಡಕ್ಕೆ ಹೊಡೆಯೋದೂ ಇದನ್ನೇ."
ಪುಸ್ತಕಕ್ಕೂ ರೋಗ ಬರುತ್ತಪ್ಪ ಅಂದೆ.
ಗೆದ್ದಲಿಗೆ ಯಾವ ವಿಭಾಗವಾದರೇನು?

ನಾನು ಓದಿದ್ದು ಏಳನೇ ಕ್ಲಾಸು.
ಇಂಗ್ಲಿಷ್ ಬರುತ್ತದೆ, ಆದರೆ ತಿರುಗುಮುರುಗು:
ಬೆನ್ನಿಗೆ ಚಿನ್ನದ ಹೆಸರು ಒತ್ತುವ ಹಿತ್ತಾಳೆ ಅಕ್ಷರಗಳು
ಕನ್ನಡಿಯೊಳಗಿಂದ ನನ್ನ ನೋಡುತ್ತವೆ.
ಹಾಳೆಯ ಮೇಲಿನ ನೇರ ಇಂಗ್ಲಿಷಿಗೆ ಕಣ್ಣು ಎಡವುತ್ತದೆ.
ಅಂಕಿಗೆ ಆ ತಂಟೆಯಿಲ್ಲ.
ಪುಟ ಜೋಡಿಸುವವಳಿಗೆ ಅಂಕಿಯೇ ಅನ್ನ.

ಆದರೂ ಇವತ್ತು ಕೈ ತಪ್ಪಿತು.
ತೋಟದ ಕೂಲಿಯ ಬಗ್ಗೆ ಬರೆದ ಲವೀನಾಳ ನೂರಾ ಹನ್ನೊಂದು
ಆನೆಯ ಹಿಂದೆ ಅಲೆದ ತೀರ್ಥಕುಮಾರನ ನೂರಾ ಹತ್ತರ ಮೇಲೆ ಕೂತು
ಹೊಲಿಗೆಯೂ ಬಿದ್ದುಬಿಟ್ಟಿತ್ತು.
ದಾರ ಬಿಚ್ಚುವಾಗ ಕಂಡೆ,
ಎರಡರಲ್ಲೂ ಅದೇ ತಾರೀಕು.
ಜೂನ್ ಮೂರು, ನಾಲ್ಕು, ಒಂಬತ್ತು,
ಹೀಗೆ ಜುಲೈ ಇಪ್ಪತ್ತರ ತನಕ ಹದಿನಾಲ್ಕು.
ಅವಳ ಕೋಷ್ಟಕದಲ್ಲಿ ಅದಕ್ಕೆ ಗೈರುಹಾಜರಿ ಎಂದು ಹೆಸರು,
ಪಕ್ಕದಲ್ಲಿ ಕೂಲಿ ಕಡಿತ, ತಲಾ ಇಷ್ಟು.
ಅವನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ:
ಆಲೂರಿನಾಚೆಯ ತೋಟ, ಲೈನುಮನೆಗಳ ಹಿಂದೆ
ಹಣ್ಣಾದ ಹಲಸಿನ ಮರ.

ಕೈ ತಾನಾಗಿ ನೀಲಿಕಟ್ಟಿನ ಮೂರನೆಯದಕ್ಕೆ ಹೋಯಿತು.
ಅದು ಸೌಗಂಧಿಕಾಳದು. ಅದೇ ಆಲೂರಿನ ಕಡೆ
ಕೆರೆಯಂಚಿಗೆ ಮೈಕು ಕಟ್ಟಿ
ಮಳೆಗಾಲವಿಡೀ ಕಪ್ಪೆಗೆ ಕಿವಿಗೊಟ್ಟವಳು.
ಹದಿನಾಲ್ಕರಲ್ಲಿ ಹನ್ನೊಂದು ರಾತ್ರಿ ಸೊನ್ನೆ.
ಉಳಿದ ಮೂರಕ್ಕೆ ಅಡ್ಡಗೆರೆ.
ಬ್ಯಾಟರಿ ಮುಗಿದಿರಬೇಕು.

ಕಪ್ಪೆ ಬಾಯಿ ಮುಚ್ಚಿದ ಮೇಲೆ
ಧೊಪ್ಪೆಂದು ಹಲಸು ಬಿದ್ದದ್ದು,
ಲೈನಿನಲ್ಲಿ ಯಾರೋ ದೀಪ ಆರಿಸಿ
ಮಗುವಿನ ಬಾಯಿಗೆ ಅಂಗೈ ಒತ್ತಿ ಕೂತದ್ದು,
ಬೆಳಿಗ್ಗೆ ರೈಟರು ಕೆಮ್ಮುತ್ತ ಹಾಜರಿ ಪುಸ್ತಕ ತೆರೆದದ್ದು...
ಇದು ನಾನು ಸೇರಿಸಿದ್ದು.
ಮೂರರಲ್ಲಿ ಯಾವುದರಲ್ಲೂ ಆ ಮಗುವಿಗೆ ಪುಟವಿಲ್ಲ.

ಮೂವರೂ ಹೊರಗೆ ನನ್ನ ಬೆಂಚಿನ ಮೇಲೆಯೇ ಇದ್ದಾರೆ,
ನಡುವೆ ಒಂದೊಂದು ಗೇಣು ಬಿಟ್ಟು
ತಲೆತಗ್ಗಿಸಿ, ಅವರವರ ಮೊಬೈಲಿನಲ್ಲಿ.
ಒಂದೇ ಕತ್ತಲಿಗೆ ಮೂರು ಲೆಕ್ಕ ಬರೆದವರು
"ಸ್ವಲ್ಪ ಸರೀತೀರಾ" ಎಂದೂ ಕೇಳಿಕೊಂಡಿಲ್ಲ.

ಮೂರನ್ನೂ ಮತ್ತೆ ಕಟ್ಟಿ, ಒಂದರ ಮೇಲೊಂದು ಒತ್ತಿಗೆ ಇಟ್ಟು,
ತಿರುಪು ಬಿಗಿದು ಮಧ್ಯಾಹ್ನವೇ ಆಗಿತ್ತು.
ಉಗುರಲ್ಲಿ ಒತ್ತಿ ನೋಡಿದೆ. ಅಂಟು ಕಲ್ಲಾಗಿದೆ.
"ಇನ್ನೂ ಹಸಿ," ಎಂದು ಕೂಗಿ ಹೇಳಿದೆ,
"ಒಂದು ಗಂಟೆ ಕೂತಿರಿ."
ಮೂವತ್ತು ವರ್ಷದ ಕಸುಬಿನಲ್ಲಿ
ಅಂಟಿನ ಮೇಲೆ ನಾನು ಹೇಳಿದ ಮೊದಲ ಸುಳ್ಳು.

ಟೀ ತರಿಸಿದೆ.
ಬೇಸರಕ್ಕೆ ಸೌಗಂಧಿಕಾ ಮೊಬೈಲಿನಲ್ಲಿ ಏನನ್ನೋ ಒತ್ತಿದಳು.
ಟ್ರೊಂಕ್, ಟ್ರೊಂಕ್, ಟ್ರೊಂಕ್,
ಇದ್ದಕ್ಕಿದ್ದಂತೆ ಏನೂ ಇಲ್ಲ.
ತೀರ್ಥಕುಮಾರ ಲೋಟ ಕೆಳಗಿಟ್ಟ.
ಲವೀನಾ ಒಂದು ಗೇಣು ಹತ್ತಿರ ಸರಿದಳು.

ನಾನು ಮುಖ ತಿರುಗಿಸಿಕೊಂಡು
ಬೈಗುಳದ ಪುಸ್ತಕದ ಹದಿಮೂರನೇ ಪುಟ ತೆರೆದೆ.