ಎರಡು ಗಂಟೆಯಿಂದ ಎರಡು ಗಂಟೆಗೆ

ಕಿಗಾಲಿಯಲ್ಲಿ ಒಂದು ಲಿಫ್ಟು ನಿಂತುಬಿಟ್ಟಿದೆ,
ಏಳನೆಯ ಮಹಡಿಗೂ ಎಂಟನೆಯದಕ್ಕೂ ನಡುವೆ.
ಅದನ್ನೆಬ್ಬಿಸಲು ಹೊರಟ ನಾನು
ಅಡಿಸ್ ಅಬಾಬದ ಬೋಲೆ ನಿಲ್ದಾಣದಲ್ಲಿ
ಎರಡು ವಿಮಾನಗಳ ನಡುವೆ ಸಿಕ್ಕಿಕೊಂಡಿದ್ದೇನೆ.
ಆರು ಗಂಟೆ.

ಸಿಕ್ಕಿಕೊಂಡವರಿಗೆ ಫೋನಿನಲ್ಲಿ ನಾನೇ ಹೇಳುವ ಬುದ್ಧಿಮಾತು:
ಬಾಗಿಲು ಗುದ್ದಬೇಡಿ, ಕುಪ್ಪಳಿಸಬೇಡಿ,
ಜೊತೆಗಿದ್ದವರ ಹೆಸರು ಕೇಳಿ.
ಪಕ್ಕದ ಕುರ್ಚಿಯಾತನೋ
ಬೂಟು ಬಿಚ್ಚಿ, ಮುಖಕ್ಕೆ ಟವೆಲು ಹೊದ್ದು
ಹೆಸರಿಲ್ಲದೆ ಗೊರಕೆ ಹೊಡೆಯುತ್ತಿದ್ದಾನೆ.

ಹೊರಬಿದ್ದೆ. ಜೇಬಿನಲ್ಲಿ ಚೀಟಿ:
ಮ್ಯೂಸಿಯಮ್ಮಿನಲ್ಲಿ ಮೂವತ್ತು ಲಕ್ಷ ವರ್ಷದ ಮೂಳೆ,
ಮರ್ಕಾಟೊ ಸಂತೆ, ಎಂಟೊಟೊ ಗುಡ್ಡ.
ನೀಲಿ ಲಾಡಾ ಟ್ಯಾಕ್ಸಿಯ ಅಸ್ರಾತ್ ಚೀಟಿ ಓದಿ
ಎಲ್ಲಕ್ಕೂ ತಲೆಯಾಡಿಸಿದ.
ಗಡಿಯಾರ ಹೊಂದಿಸಿಕೊಳ್ಳೋಣವೆಂದು ಕೇಳಿದೆ,
ಈಗೆಷ್ಟು ಗಂಟೆ?
ಎರಡು, ಎಂದ.

ಎದೆ ಧಸಕ್ಕೆಂದಿತು. ನನ್ನ ವಿಮಾನವೇ ಎರಡಕ್ಕೆ!

ಸ್ಟೀರಿಂಗಿನ ಮೇಲೆ ಬೆರಳು ಮಡಿಸುತ್ತ ನಕ್ಕ:
ಸೂರ್ಯ ಹುಟ್ಟಿ ಎರಡು ಗಂಟೆಯಾಯಿತು.
ಊರೆಲ್ಲ ಮಲಗಿರುವ ನಡುರಾತ್ರಿಯಲ್ಲಿ
ದಿನ ಶುರುವಾಯಿತೆಂದು ನಿಮಗೆ
ಯಾರು ಬಂದು ಹೇಳುತ್ತಾರೆ?
ನಮ್ಮ ಪಂಚಾಂಗದ ಗಳಿಗೆ ನೆನಪಾಯಿತು,
ಅದೂ ಸೂರ್ಯನಿಂದಲೇ. ವಾದಿಸಲಿಲ್ಲ.
ನಿಮ್ಮದು ಎಂಟರ ವಿಮಾನ, ಎಂದ. ಬೇಕಾದಷ್ಟು ಹೊತ್ತಿದೆ.

ದಾರಿಯಲ್ಲೇ ಒಂದು ಚೂರು ಕೆಲಸವಿತ್ತು ಅವನಿಗೆ.
ಅಂಚೆ ಕಚೇರಿಯ ಹಿಂದಿನ ಅಂಗಡಿಯಿಂದ
ರಿಪೇರಿಯಾದ ಗೋಡೆಗಡಿಯಾರ ತಂದು
ಪತ್ರಿಕೆ ಸುತ್ತಿ ನನ್ನ ತೊಡೆಯ ಮೇಲಿಟ್ಟ.
ಹೊಟ್ಟೆಗೊತ್ತಿಕೊಂಡು ಅದು ಟಿಕ್ಕೆನ್ನುತ್ತಿತ್ತು,
ಯಾರದೋ ಮನೆಯ ಕೂಸಿನಂತೆ.

ಏರಿನಲ್ಲಿ ಲಾಡಾ ಕೆಮ್ಮಿತು, ನಿಂತಿತು.
ಉಕ್ಕಿನ ಹಗ್ಗದಲ್ಲಿ ಜನರನ್ನು ಮೇಲೆತ್ತುವ ನಾನು
ಹಗ್ಗವಿಲ್ಲದೆ ತಳ್ಳಿದೆ,
ಎಡಗಂಕುಳಲ್ಲಿ ಗಡಿಯಾರ.
ಕೆಂಪು ಸ್ವೆಟರಿನ ಶಾಲೆಯ ಹುಡುಗಿಯೊಬ್ಬಳು
ನಮ್ಮಿಬ್ಬರಿಗೂ ಅಪ್ಪಣೆ ಕೊಡುತ್ತ ಕೈ ಹಚ್ಚಿದಳು.
ನೀಲಗಿರಿ ಸೌದೆಯ ಕತ್ತೆಗಳು
ನಮ್ಮನ್ನು ನೋಡದಂತೆ ನಟಿಸಿ ಇಳಿದುಹೋದವು.
ಮೂವತ್ತು ಲಕ್ಷ ವರ್ಷ ಕಾದ ಮೂಳೆ,
ಇನ್ನೊಂದಿಷ್ಟು ಕಾಯಲಿ.

ಅವನಕ್ಕ ವುಬಿತ್‌ಳ ಮನೆ ನಾಲ್ಕನೆಯ ಮಹಡಿ.
ಲಿಫ್ಟಿಗೆಂದು ಬಿಟ್ಟ ಬಾವಿಯಲ್ಲಿ
ಎರಡು ಸೈಕಲ್ಲು, ಈರುಳ್ಳಿ ಮೂಟೆ, ಒಂದು ಕೋಳಿ.
ಅಭ್ಯಾಸಬಲ, ಕತ್ತೆತ್ತಿ ನೋಡಿದೆ:
ಮೇಲೆ ಚೌಕಾಕಾರದ ಆಕಾಶ.

ನೆಲಕ್ಕೆ ಹಸಿ ಹುಲ್ಲು ಹಾಸಿತ್ತು.
ಕಾವಲಿಯಲ್ಲಿ ಕಾಫಿಬೀಜ ಹುರಿದು
ಆ ಹೊಗೆಯನ್ನು ಒಬ್ಬೊಬ್ಬರ ಮೂಗಿಗೂ ತಂದು ಹಿಡಿದಳು,
ಮಂಗಳಾರತಿಯಂತೆ. ನಾನು ಎರಡೂ ಕೈಯಲ್ಲಿ ಎಳೆದುಕೊಂಡೆ.
ಹಿಡಿಯಿಲ್ಲದ ಪುಟ್ಟ ಬಟ್ಟಲು. ಮೊದಲನೆಯದು ಅಬೋಲ್,
ನಾಲಿಗೆ ಹಿಡಿಯುವಷ್ಟು ಗಟ್ಟಿ.

ಉಪಕಾರವಾಗಲೆಂದು ಸ್ಟೂಲು ಹತ್ತಿ
ಗಡಿಯಾರವನ್ನು ಮೊಳೆಗೆ ತೂಗುಹಾಕಿದೆ,
ನನ್ನ ಕೈ ನೋಡಿ ಹನ್ನೊಂದಕ್ಕೆ ತಿರುಗಿಸಿದೆ.
ವುಬಿತ್ ಕೊಂಚ ನೋಡಿದಳು. ಸರಿಯಾಗಿ
ರಿಪೇರಿಯಾಗಿಲ್ಲವೆಂದು ತಮ್ಮನನ್ನು ಬೈದಳು.
ಆಮೇಲೆ ಐದಕ್ಕೆ ಇಟ್ಟಳು.

ಎರಡನೆಯದು ತೋನಾ. ನನ್ನ ಕಸುಬು ಕೇಳಿದಳು,
ತಮ್ಮ ಹೇಳಿದ. ಪಕ್ಕದ ಮನೆಯವರನ್ನೂ ಕರೆದಳು.
ಹನ್ನೊಂದು ವರ್ಷ, ಎಂದರು ಎಲ್ಲರೂ ಸೇರಿ,
ಆ ಬಾವಿ ಬಾಯ್ತೆರೆದು ಹನ್ನೊಂದು ವರ್ಷ.
ಇದಕ್ಕೂ ಬರುತ್ತೀರಾ?
ಇಂಥ ಕಟ್ಟಡಗಳ ಕಡತ
ನಮ್ಮ ಆಫೀಸಿನ ಯಾವ ಕಪಾಟಿಗೆ ಹೋಗುತ್ತದೆಂದು
ನನಗೆ ಗೊತ್ತಿತ್ತು.
ಹೊತ್ತಾಯಿತು ಎಂದು ಎದ್ದೆ.

ಅವಳು ನನ್ನ ತೋಳಿನ ಅಂಚು ಹಿಡಿದಳು.
ಅಸ್ರಾತ್ ಅನುವಾದಿಸಿದ: ಮೂರನೆಯದು ಬರಕಾ,
ಆಶೀರ್ವಾದ. ಅದನ್ನು ಬಿಟ್ಟು ಹೋದವರ ಪ್ರಯಾಣಕ್ಕೆ
ಈ ಮನೆ ಜವಾಬ್ದಾರಿಯಲ್ಲ.
ಕೂತೆ. ಅದೇ ಪುಡಿ, ಮೂರನೆಯ ನೀರು.
ರುಚಿ ಕಡಿಮೆ, ಹೊತ್ತು ಹೆಚ್ಚು.
ಬಟ್ಟಲು ಬರಿದಾಗುವವರೆಗೂ
ಯಾರೂ ಲಿಫ್ಟಿನ ಮಾತೆತ್ತಲಿಲ್ಲ.

ತಪಾಸಣೆಯಲ್ಲಿ ಜೇಬಿನ ಪೊಟ್ಟಣ ಬಿಡಿಸಿದ ಅಧಿಕಾರಿ
ಹುರಿದ ಬೀಜಗಳನ್ನು ಮೂಸಿ, ಕಣ್ಣು ಮುಚ್ಚಿ,
ಹಾಗೇ ಮಡಿಸಿ ಕೊಟ್ಟ.
ಅದೇ ಕುರ್ಚಿ. ಗೊರಕೆಯಾತ ಟವೆಲು ಸರಿಸಿ
ಎಷ್ಟಾಯಿತು ಗಂಟೆ ಎಂದ.
ಏಳು, ಎಂದೆ.
ಒಂದೇ ಬೂಟಿನಲ್ಲಿ ಎದ್ದು ನಿಂತುಬಿಟ್ಟ ಪಾಪ.
ಹೆದರಬೇಡಿ ಎಂದು
ಅವನ ಅಂಗೈಗೊಂದು ಬೀಜ ಹಾಕಿದೆ.